ಲಿನಕ್ಸ್ ಬಂತು, ವಿಂಡೋಸಿನ ಕಡತಗಳೆಲ್ಲಿ?

ಕಂಪ್ಯೂಟರಿಗೆ ಎರಡನೇ ಆಪರೇಟಿಂಗ್ ಸಿಸ್ಟಂ ಹಾಕಿದ ಮಾತ್ರಕ್ಕೆ ಹಳೆಯ ಕಡತಗಳು ಇದ್ದ ಜಾಗ ಬಿಟ್ಟು ಕದಲುವುದಿಲ್ಲ. ವಿಂಡೋಸ್ ಇರುವ ಲ್ಯಾಪ್‌ಟಾಪಿಗೆ ಉಬುಂಟು, ಲಿನಕ್ಸ್ ಮಿಂಟ್ ಅಥವಾ ಫೆಡೋರಾ ಸೇರಿಸುವಾಗ ವಿಂಡೋಸ್ ಪಾರ್ಟಿಷನ್ನನ್ನು ಕೊಂಚ ಕುಗ್ಗಿಸಿ, ತೆರವಾದ ಜಾಗದಲ್ಲಿ ಹೊಸ ವ್ಯವಸ್ಥೆಗೆ ಬೇರೆ ಪಾರ್ಟಿಷನ್ ಕಟ್ಟಲಾಗುತ್ತದೆ. ಅಣ್ಣತಮ್ಮಂದಿರು ಪಾಲಾದ ಮೇಲೆ ಹೊಲದ ನಡುವೆ ಬದು ಹಾಕಿದ ಹಾಗೆ. ಬೆಳೆ ನಿಂತಲ್ಲೇ ನಿಂತಿರುತ್ತದೆ, ಪಹಣಿ ಮಾತ್ರ ಎರಡಾಗುತ್ತದೆ. ಹೊಸ ವ್ಯವಸ್ಥೆ ಏಳುವಾಗ ತನ್ನ ಪಾಲನ್ನಷ್ಟೇ ಮುಂದಿಡುವುದರಿಂದ, ಮೊದಲ ಸಲ ಖಾಲಿ ಡೆಸ್ಕ್‌ಟಾಪ್ ಮತ್ತು ಖಾಲಿ ಡಾಕ್ಯುಮೆಂಟ್ಸ್ ಫೋಲ್ಡರ್ ಕಂಡವರಿಗೆ ಎಲ್ಲವೂ ಅಳಿಸಿಹೋಯಿತೆಂಬ ಗಾಬರಿ ಹುಟ್ಟುವುದು ಸಹಜ.

ಈ ಗಾಬರಿ ಈಗ ಹೆಚ್ಚು ಮನೆಗಳಿಗೆ ಬಂದಿರುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಚಿಪ್ಪಾಗಲಿ, ಹೊಸ ತಲೆಮಾರಿನ ಪ್ರೊಸೆಸರ್ ಆಗಲಿ ಹಳೆಯ ಯಂತ್ರಗಳಲ್ಲಿ ಇಲ್ಲ. ಗಟ್ಟಿಮುಟ್ಟಾಗಿಯೇ ಇರುವ ಇಂಥ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಿಲ್ಲದವರು ಅದಕ್ಕೆ ಲಿನಕ್ಸ್ ಹಾಕುತ್ತಾರೆ. ಹತ್ತು ವರ್ಷದ ಫೋಟೋ, ಪತ್ರ, ಲೆಕ್ಕಪತ್ರಗಳ ಮೇಲಿನ ಕಾಳಜಿಯಿಂದ ವಿಂಡೋಸನ್ನೂ ಪಕ್ಕದಲ್ಲಿ ಉಳಿಸಿಕೊಳ್ಳುತ್ತಾರೆ. ಈ ಲೇಖನ ಮುಖ್ಯವಾಗಿ ಅಂಥ ಜೋಡಿ ವ್ಯವಸ್ಥೆಯ ಕುರಿತದ್ದು.

ಕಡತಗಳು ಉಳಿದಿವೆ ಎಂಬ ಮಾತಿಗೆ ಒಂದೇ ಅಪವಾದ: ಅನುಸ್ಥಾಪನೆಯ ನಡುವೆ ‘ಡಿಸ್ಕ್ ಪೂರ್ತಿ ಅಳಿಸಿ ಹಾಕು’ ಎಂಬ ಆಯ್ಕೆಯನ್ನು ಒತ್ತಿದ್ದರೆ ಕಥೆ ಬೇರೆ. ಅದರ ವಿಚಾರ ಕೊನೆಯಲ್ಲಿದೆ.

ಒಂದೇ ಡಿಸ್ಕ್, ಎರಡು ಬರವಣಿಗೆ

ಪ್ರತಿಯೊಂದು ವ್ಯವಸ್ಥೆಯೂ ಡಿಸ್ಕಿನ ಮೇಲೆ ಮಾಹಿತಿಯನ್ನು ಜೋಡಿಸಿಡುವ ತನ್ನದೇ ಕ್ರಮ ಹೊಂದಿರುತ್ತದೆ. ಇದೇ ಫೈಲ್ ಸಿಸ್ಟಂ. ಇಂದಿನ ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ 1993ರಲ್ಲಿ ವಿಂಡೋಸ್ ಎನ್‌ಟಿ 3.1ರ ಜೊತೆ ಬಂದದ್ದು. ಲಿನಕ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇಎಕ್ಸ್‌ಟಿ4. 2008ರಲ್ಲಿ ಅದು ಸ್ಥಿರ ರೂಪಕ್ಕೆ ಬಂತು. ಎನ್‌ಟಿಎಫ್‌ಎಸ್‌ನ ಒಳರಚನೆಯನ್ನು ಮೈಕ್ರೋಸಾಫ್ಟ್ ಪೂರ್ಣವಾಗಿ ಪ್ರಕಟಿಸದ ಕಾರಣ, ಲಿನಕ್ಸ್ ಬಹುಕಾಲ ಅದನ್ನು ಓದಬಲ್ಲದಾಗಿತ್ತೇ ಹೊರತು ನೆಚ್ಚಿಕೊಂಡು ಅದರ ಮೇಲೆ ಬರೆಯುವಂತಿರಲಿಲ್ಲ. 2007ರಲ್ಲಿ ಎನ್‌ಟಿಎಫ್‌ಎಸ್-3ಜಿ ಎಂಬ ಚಾಲಕ ತಂತ್ರಾಂಶದ ಸ್ಥಿರ ಆವೃತ್ತಿ ಬಂದ ಮೇಲೆ ಆ ಅಡ್ಡಿ ಹೋಯಿತು. 2021ರಲ್ಲಿ ಪ್ಯಾರಗಾನ್ ಸಾಫ್ಟ್‌ವೇರ್ ಕಂಪನಿ ತಾನು ಬರೆದ ಎನ್‌ಟಿಎಫ್‌ಎಸ್3 ಚಾಲಕವನ್ನು ಲಿನಕ್ಸ್‌ಗೆ ಕೊಟ್ಟಿತು. ಅದು ಲಿನಕ್ಸ್‌ನ ತಿರುಳಾದ ಕರ್ನೆಲ್‌ನ 5.15 ಆವೃತ್ತಿಯೊಳಗೇ ಸೇರಿತು. ಇಂದಿನ ಉಬುಂಟು, ಮಿಂಟ್, ಫೆಡೋರಾಗಳಲ್ಲಿ ವಿಂಡೋಸಿನ ಕಡತ ಓದಲು ಪ್ರತ್ಯೇಕವಾಗಿ ಯಾವುದನ್ನೂ ಹಾಕಬೇಕಾಗಿಲ್ಲ.

ಗೊಂದಲ ಹುಟ್ಟುವುದು ವಿಳಾಸದಲ್ಲಿ. ಲಿನಕ್ಸ್‌ನಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂಬ ಅಕ್ಷರದ ಲೆಕ್ಕವೇ ಇಲ್ಲ. ಎಲ್ಲ ಪಾರ್ಟಿಷನ್ನುಗಳೂ ಒಂದೇ ಮರದ ಕೊಂಬೆಗಳಾಗಿ, ಯಾವುದಾದರೊಂದು ಫೋಲ್ಡರಿಗೆ ತಗಲಿಕೊಳ್ಳುತ್ತವೆ. ಈ ಕ್ರಿಯೆಗೆ ಮೌಂಟ್ ಮಾಡುವುದು ಎನ್ನುತ್ತಾರೆ. ಫೈಲ್ಸ್ ಆ್ಯಪ್ ತೆರೆದು ಎಡಬದಿಯ ಪಟ್ಟಿ ನೋಡಿದರೆ, ಅಥವಾ ಅಲ್ಲಿಯ ‘ಅದರ್ ಲೊಕೇಷನ್ಸ್’ ಒತ್ತಿದರೆ, ‘256 ಜಿಬಿ ವಾಲ್ಯೂಮ್’ ಎಂಬಂತೆ ಬರಿ ಗಾತ್ರದ ಹೆಸರಿನಲ್ಲಿ ವಿಂಡೋಸ್ ಪಾರ್ಟಿಷನ್ ಸಿಗುತ್ತದೆ. ಪಾರ್ಟಿಷನ್ನಿಗೆ ವಿಂಡೋಸಿನಲ್ಲಿ ಹೆಸರಿಟ್ಟಿದ್ದರೆ ಆ ಹೆಸರೇ ಕಾಣುತ್ತದೆ. ಹಾಗಾಗಿ ಲಿನಕ್ಸ್ ಹಾಕುವ ಮುನ್ನ ವಿಂಡೋಸಿನಲ್ಲಿ ಪ್ರತಿ ಡ್ರೈವಿಗೂ ಹೆಸರಿಟ್ಟುಕೊಳ್ಳುವುದು ಮೇಲು. ಒಂದೇ ಗಾತ್ರದ ಎರಡು ಪಾರ್ಟಿಷನ್ ಇರುವವರಿಗಂತೂ ಇದು ಬಹಳ ಉಪಕಾರಿ. ಒಂದು ಜಿಬಿಗೂ ಕಡಿಮೆ ಗಾತ್ರದ ರಿಕವರಿ, ಇಎಫ್‌ಐ ಪಾರ್ಟಿಷನ್ನುಗಳೂ ಪಟ್ಟಿಯಲ್ಲಿ ಇಣುಕಬಹುದು. ಅವುಗಳಲ್ಲಿ ಬಳಕೆದಾರರ ಕಡತ ಇರುವುದಿಲ್ಲ. ಜಾಗ ಸಾಲದೆಂದು ಅವುಗಳನ್ನು ಅಳಿಸಿದರೆ ಯಂತ್ರ ಬೂಟ್ ಆಗದೆ ನಿಲ್ಲುವ ಅಪಾಯವಿದೆ.

ಪಾರ್ಟಿಷನ್ ತೆರೆದ ಮೇಲೆ ‘ಯೂಸರ್ಸ್’ ಫೋಲ್ಡರ್, ಅದರೊಳಗೆ ವಿಂಡೋಸಿನಲ್ಲಿದ್ದ ಬಳಕೆದಾರರ ಹೆಸರು, ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್: ಬಹುಪಾಲು ಕಡತಗಳು ಇಲ್ಲಿ ಸಿಗುತ್ತವೆ. ಡೆಸ್ಕ್‌ಟಾಪ್ ಫೋಲ್ಡರ್ ಖಾಲಿ ಕಂಡರೆ ಪಕ್ಕದ ‘ಒನ್‌ಡ್ರೈವ್’ ಫೋಲ್ಡರಿನೊಳಗೆ ನೋಡಬೇಕು. ಹೊಸ ವಿಂಡೋಸ್ ಹಲವು ಬಾರಿ ಡೆಸ್ಕ್‌ಟಾಪನ್ನೂ ಡಾಕ್ಯುಮೆಂಟ್ಸನ್ನೂ ಅಲ್ಲಿಗೆ ಸಾಗಿಸಿರುತ್ತದೆ. ಇಲ್ಲಿ ಒಂದು ಮೋಸವಿದೆ. ಒನ್‌ಡ್ರೈವ್‌ನಲ್ಲಿ ಜಾಗ ಉಳಿಸುವ ಏರ್ಪಾಡು ಚಾಲ್ತಿಯಲ್ಲಿದ್ದರೆ ಕೆಲವು ಕಡತಗಳ ಹೆಸರು ಮಾತ್ರ ಡಿಸ್ಕಿನಲ್ಲಿದ್ದು, ಹೂರಣ ಮೈಕ್ರೋಸಾಫ್ಟ್‌ನ ಸರ್ವರಿನಲ್ಲಿರುತ್ತದೆ. ವಿಂಡೋಸಿನಲ್ಲಿ ಅವು ಕ್ಲಿಕ್ ಮಾಡಿದೊಡನೆ ಇಳಿದು ತೆರೆಯುತ್ತಿದ್ದವು, ಲಿನಕ್ಸ್‌ನಲ್ಲಿ ತೆರೆಯುವುದಿಲ್ಲ. ಕಡತ ಕೆಟ್ಟಿದೆಯೆಂದು ತೀರ್ಮಾನಿಸದೆ, ವಿಂಡೋಸಿಗೆ ಹೋಗಿ ಆ ಫೋಲ್ಡರನ್ನು ‘ಯಾವಾಗಲೂ ಈ ಸಾಧನದಲ್ಲಿರಲಿ’ ಎಂದು ಗುರುತಿಸಿ ಪೂರ್ತಿ ಇಳಿಸಿಕೊಳ್ಳಬೇಕು, ಇಲ್ಲವೇ ಬ್ರೌಸರಿನಲ್ಲಿ ಒನ್‌ಡ್ರೈವ್ ತಾಣದಿಂದ ಪಡೆಯಬೇಕು.

ಬ್ರೌಸರಿನ ಬುಕ್‌ಮಾರ್ಕ್, ಇಮೇಲ್ ತಂತ್ರಾಂಶದ ಪತ್ರಗಳು ಬಳಕೆದಾರರ ಫೋಲ್ಡರಿನಲ್ಲಿ ‘ಆ್ಯಪ್‌ಡೇಟಾ’ ಎಂಬ ಕಡೆ ಅಡಗಿರುತ್ತವೆ. ಫೈರ್‌ಫಾಕ್ಸ್ ಮತ್ತು ಥಂಡರ್‌ಬರ್ಡ್‌ಗಳ ಪ್ರೊಫೈಲ್ ಫೋಲ್ಡರನ್ನು ಇಡಿಯಾಗಿ ನಕಲಿಸಿ ಲಿನಕ್ಸ್‌ನಲ್ಲಿ ಬಳಸಬಹುದು. ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡುಗಳಿಗೆ ಈ ಉಪಾಯ ನಡೆಯದು. ಅವುಗಳ ಗೂಢಲಿಪಿ ವಿಂಡೋಸ್ ಖಾತೆಗೆ ಕಟ್ಟುಬಿದ್ದಿರುತ್ತದೆ. ಅವನ್ನು ವಿಂಡೋಸಿನಲ್ಲೇ ಎಕ್ಸ್‌ಪೋರ್ಟ್ ಮಾಡಬೇಕು, ಅಥವಾ ಗೂಗಲ್ ಖಾತೆಯ ಸಿಂಕ್ ಮೂಲಕ ತರಬೇಕು.

ಮುಚ್ಚಿದಂತೆ ಕಂಡರೂ ಮುಚ್ಚದ ವಿಂಡೋಸ್

ಜೋಡಿ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಪಾರ್ಟಿಷನ್ ಕಾಣುತ್ತದೆ, ಒತ್ತಿದರೆ ಮೌಂಟ್ ಆಗುವುದಿಲ್ಲ. ಅಥವಾ ಓದಬಹುದು, ಹೊಸದೇನನ್ನೂ ಉಳಿಸಲಾಗುವುದಿಲ್ಲ. ತಪ್ಪು ಲಿನಕ್ಸ್‌ನದಲ್ಲ. 2012ರ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಬಂದಿದೆ. ಶಟ್ ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ, ತನ್ನ ಕರ್ನೆಲ್‌ನ ಸ್ಥಿತಿಯನ್ನು ಡಿಸ್ಕಿನ ಒಂದು ಕಡತಕ್ಕೆ ಇಳಿಸಿ ನಿದ್ರೆಗೆ ಜಾರುತ್ತದೆ. ಮರುದಿನ ಬೇಗ ಏಳುವುದು ಇದರಿಂದಲೇ. ಆ ನಿದ್ರೆಯಲ್ಲಿ ಡಿಸ್ಕಿನ ಸ್ಥಿತಿ ಹೇಗಿತ್ತೆಂಬ ಅರ್ಧ ನೆನಪೂ ಅದರಲ್ಲಿ ಸೇರಿರುತ್ತದೆ. ನಡುವೆ ಬೇರೊಂದು ವ್ಯವಸ್ಥೆ ಆ ಪಾರ್ಟಿಷನ್ನಿನಲ್ಲಿ ಬರೆದರೆ, ಎದ್ದ ವಿಂಡೋಸ್ ತನ್ನ ಹಳೆಯ ನೆನಪಿನ ಪ್ರಕಾರ ಅದರ ಮೇಲೆಯೇ ಬರೆದು ಕಡತಗಳನ್ನು ಕೆಡಿಸಬಹುದು. ಲಿನಕ್ಸ್ ಬರೆಯಲು ಒಪ್ಪದಿರುವುದು ಈ ಅಪಾಯವನ್ನು ತಪ್ಪಿಸಲು.

ಪರಿಹಾರ ವಿಂಡೋಸಿನ ಕಡೆಯಿಂದಲೇ ಆಗಬೇಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆದು, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟದಲ್ಲಿ, ಸದ್ಯ ಲಭ್ಯವಿಲ್ಲದ ಆಯ್ಕೆಗಳನ್ನು ಬದಲಿಸುವ ಕೊಂಡಿ ಒತ್ತಿ, ಫಾಸ್ಟ್ ಸ್ಟಾರ್ಟಪ್ ಮುಂದಿನ ಗುರುತನ್ನು ತೆಗೆಯಬೇಕು. ತುರ್ತಿಗೆ ಇನ್ನೂ ಸರಳ ದಾರಿಯಿದೆ: ಲಿನಕ್ಸ್‌ಗೆ ಹೋಗಬೇಕಾದಾಗ ವಿಂಡೋಸಿನಲ್ಲಿ ಶಟ್ ಡೌನ್ ಬದಲು ರೀಸ್ಟಾರ್ಟ್ ಆರಿಸುವುದು. ರೀಸ್ಟಾರ್ಟ್ ಮಾಡಿದಾಗ ವಿಂಡೋಸ್ ನಿಜವಾಗಿಯೂ ಪೂರ್ತಿ ಮುಚ್ಚಿಕೊಳ್ಳುತ್ತದೆ. ಹೆಸರು ನೋಡಿದರೆ ತಿರುವುಮುರುವು ಅನ್ನಿಸುವುದಾದರೂ ಸಂಗತಿ ಹೀಗೇ ಇದೆ. ಹೈಬರ್ನೇಟ್ ಬಳಸುವವರು ಅದನ್ನೂ ಬಿಡಬೇಕು. ದೊಡ್ಡ ಅಪ್‌ಡೇಟ್ ಆದ ಮೇಲೆ ಈ ಗುರುತು ಮತ್ತೆ ಬಂದಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದರಲ್ಲಿ ನಷ್ಟವಿಲ್ಲ.

ವಿದ್ಯುತ್ ಹೋಗಿಯೋ, ಬಟನ್ ಒತ್ತಿ ಹಿಡಿದು ಆರಿಸಿಯೋ ವಿಂಡೋಸ್ ಅರ್ಧಕ್ಕೆ ನಿಂತಿದ್ದರೂ ಇದೇ ಫಲ. ಆಗ ಪಾರ್ಟಿಷನ್ ಮೇಲೆ ‘ಪರಿಶೀಲನೆ ಬಾಕಿ’ ಎಂಬ ಗುರುತು ಬಿದ್ದಿರುತ್ತದೆ. ವಿಂಡೋಸಿಗೆ ಹೋಗಿ ಚೆಕ್‌ಡಿಸ್ಕ್ ನಡೆಸುವುದೇ ಸರಿಯಾದ ಮದ್ದು. ಲಿನಕ್ಸ್‌ನಲ್ಲಿ ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ಸಾಧನವಿದೆ, ಆದರೆ ಅದು ಕೆಲವು ಸಣ್ಣ ದೋಷಗಳನ್ನು ಸರಿಪಡಿಸಿ ಗುರುತನ್ನು ಅಳಿಸುವಷ್ಟಕ್ಕೇ ಸೀಮಿತ. ಚೆಕ್‌ಡಿಸ್ಕ್‌ನ ಆಳ ಅದಕ್ಕಿಲ್ಲ. ನಿದ್ರೆಯ ಕಡತವನ್ನು ಬಲವಂತವಾಗಿ ಅಳಿಸಿ ಮೌಂಟ್ ಮಾಡುವ ಆಯ್ಕೆಯೂ ಇದೆ. ವಿಂಡೋಸ್ ಏಳುವ ಸ್ಥಿತಿಯಲ್ಲೇ ಇಲ್ಲದಾಗ ಮಾತ್ರ ಅದಕ್ಕೆ ಕೈಹಾಕಬೇಕು, ಏಕೆಂದರೆ ವಿಂಡೋಸಿನಲ್ಲಿ ಉಳಿಸದೇ ಬಿಟ್ಟಿದ್ದ ಕೆಲಸ ಅದರೊಂದಿಗೇ ಹೋಗುತ್ತದೆ.

ಬೀಗದ ಕೈ 48 ಅಂಕಿಗಳಲ್ಲಿ

ಪಾರ್ಟಿಷನ್ ಮೇಲೆ ಬೀಗದ ಚಿತ್ರವಿದ್ದು, ಒತ್ತಿದಾಗ ಪಾಸ್‌ವರ್ಡ್ ಕೇಳಿದರೆ ಅದು ವಿಂಡೋಸಿನ ಗೂಢಲಿಪಿ ಬೀಗವಾದ ಬಿಟ್‌ಲಾಕರ್. ‘ನಾನು ಬಿಟ್‌ಲಾಕರ್ ಹಾಕಿಯೇ ಇಲ್ಲ’ ಎನ್ನುವವರ ಯಂತ್ರದಲ್ಲೂ ಇದು ಇರಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವ ಹೊಸ ಲ್ಯಾಪ್‌ಟಾಪುಗಳಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಹೆಸರಿನಲ್ಲಿ ಅದು ತಾನಾಗಿ ಚಾಲೂ ಆಗುತ್ತದೆ. 2024ರ ವಿಂಡೋಸ್ 11 ಆವೃತ್ತಿಯಿಂದ ಈ ರೂಢಿ ಇನ್ನಷ್ಟು ಯಂತ್ರಗಳಿಗೆ ಹರಡಿತು. ಬೀಗದ ಕೈ ಟಿಪಿಎಂ ಚಿಪ್ಪಿನಲ್ಲಿರುವುದರಿಂದ ವಿಂಡೋಸ್ ಏನನ್ನೂ ಕೇಳದೆ ತೆರೆದುಕೊಳ್ಳುತ್ತಿತ್ತು. ಲಿನಕ್ಸ್‌ಗೆ ಆ ಚಿಪ್ಪು ಈ ಕೈಯನ್ನು ಕೊಡುವುದಿಲ್ಲ.

ಅಲ್ಲಿ ಬೇಕಾಗುವುದು 48 ಅಂಕಿಗಳ ರಿಕವರಿ ಕೀ. ಮೈಕ್ರೋಸಾಫ್ಟ್ ಖಾತೆಯ ತಾಣದಲ್ಲಿ ಆಯಾ ಸಾಧನದ ಹೆಸರಿನಡಿ ಅದು ಸಿಗುತ್ತದೆ. ಕಚೇರಿಯ ಲ್ಯಾಪ್‌ಟಾಪ್ ಆಗಿದ್ದರೆ ಕಚೇರಿಯ ತಾಂತ್ರಿಕ ವಿಭಾಗದ ಬಳಿ. ಲಿನಕ್ಸ್‌ನ ಕ್ರಿಪ್ಟ್‌ಸೆಟಪ್ ಸಾಧನ 2020ರ 2.3 ಆವೃತ್ತಿಯಿಂದ ಬಿಟ್‌ಲಾಕರ್ ಅರ್ಥಮಾಡಿಕೊಳ್ಳುತ್ತದೆ. ಹಾಗಾಗಿ ಇಂದಿನ ಉಬುಂಟುವಿನ ಫೈಲ್ಸ್ ಆ್ಯಪ್ ಪಾಸ್‌ವರ್ಡ್ ಕೇಳಿದ ಜಾಗದಲ್ಲಿ ಆ 48 ಅಂಕಿಗಳನ್ನು, ನಡುವಿನ ಅಡ್ಡಗೆರೆಗಳ ಸಮೇತ, ಹಾಕಿದರೆ ಪಾರ್ಟಿಷನ್ ತೆರೆಯುತ್ತದೆ. ಕೀ ಎಲ್ಲಿಯೂ ಸಿಗದಿದ್ದರೆ ಮತ್ತು ವಿಂಡೋಸ್ ಇನ್ನೂ ಏಳುತ್ತಿದ್ದರೆ, ವಿಂಡೋಸಿನಿಂದಲೇ ಕೀ ಉಳಿಸಿಕೊಳ್ಳಬಹುದು ಅಥವಾ ಎನ್‌ಕ್ರಿಪ್ಷನ್ ತೆಗೆಯಬಹುದು. ವಿಂಡೋಸೂ ಏಳದು, ಕೀಯೂ ಇಲ್ಲ ಎಂದಾದರೆ ಆ ಕಡತಗಳ ಆಸೆ ಬಿಡಬೇಕು. ಅಂಥ ಡಿಸ್ಕನ್ನು ‘ಮುರಿದು ಕೊಡುತ್ತೇವೆ’ ಎನ್ನುವವರಿಗೆ ಹಣ ಕೊಡುವುದು ವ್ಯರ್ಥ.

ಹಾಗಾಗಿ ಕೀ ಬರೆದಿಟ್ಟುಕೊಳ್ಳುವ ಕೆಲಸ ಲಿನಕ್ಸ್ ಹಾಕುವ ಮೊದಲೇ ಆಗಬೇಕು. ಸೆಕ್ಯೂರ್ ಬೂಟ್ ಬದಲಿಸಿದರೆ ಅಥವಾ ಬೂಟ್ ಕ್ರಮ ಬದಲಾದರೆ ಮುಂದಿನ ಸಲ ವಿಂಡೋಸ್ ಕೂಡ ಇದೇ ಕೀ ಕೇಳುವುದುಂಟು. ಕಾಗದದ ಮೇಲೆ ಬರೆದಿಟ್ಟರೂ ಸಾಕು. ಅದೇ ಲ್ಯಾಪ್‌ಟಾಪಿನೊಳಗೆ ಉಳಿಸಿದ್ದು ಮಾತ್ರ ಕೆಲಸಕ್ಕೆ ಬಾರದು.

ಬಿಟ್‌ಲಾಕರ್ ಇಲ್ಲದ ಯಂತ್ರಗಳ ಮಾತು ಇದಕ್ಕೆ ತದ್ವಿರುದ್ಧ. ಲಿನಕ್ಸ್ ಸಾಮಾನ್ಯವಾಗಿ ಎನ್‌ಟಿಎಫ್‌ಎಸ್‌ನ ಅನುಮತಿ ಪಟ್ಟಿಯನ್ನು ಲೆಕ್ಕಕ್ಕಿಡದೆ ಎಲ್ಲ ಬಳಕೆದಾರರ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ವಿಂಡೋಸಿನ ಲಾಗಿನ್ ಪಾಸ್‌ವರ್ಡ್ ಮನೆಮಂದಿಯ ಕಡತಗಳನ್ನು ಕಾಯುತ್ತಿದೆ ಎಂದುಕೊಂಡವರಿಗೆ ಇದು ತಿಳಿದಿರಬೇಕು: ಒಂದು ಲಿನಕ್ಸ್ ಪೆನ್‌ಡ್ರೈವ್ ಇದ್ದರೆ ಆ ಪಾಸ್‌ವರ್ಡ್ ಯಾರನ್ನೂ ತಡೆಯುವುದಿಲ್ಲ.

ನಿತ್ಯ ಬಳಕೆಗೆ

ಪ್ರತಿ ಸಲ ಪಾರ್ಟಿಷನ್ ಮೇಲೆ ಕ್ಲಿಕ್ ಮಾಡಿ ತೆರೆಯುವುದು ಬೇಸರವೆನಿಸಿದರೆ, ಉಬುಂಟುವಿನ ‘ಡಿಸ್ಕ್ಸ್’ ಆ್ಯಪ್‌ನಲ್ಲಿ ಆ ಪಾರ್ಟಿಷನ್ ಆರಿಸಿ ಮೌಂಟ್ ಆಯ್ಕೆಗಳಿಗೆ ಹೋಗಿ, ಯಂತ್ರ ಏಳುವಾಗಲೇ ಅದು ಸೇರಿಕೊಳ್ಳುವಂತೆ ಮಾಡಬಹುದು. ಈ ಆ್ಯಪ್ ಮಾಡುವ ಬದಲಾವಣೆ ಎಫ್‌ಎಸ್‌ಟ್ಯಾಬ್ ಎಂಬ ಪಟ್ಟಿಗೆ ಸೇರುತ್ತದೆ. ಆ ಪಟ್ಟಿಯನ್ನು ಕೈಯಾರೆ ತಿದ್ದುವವರು ಎರಡು ಎಚ್ಚರ ವಹಿಸಬೇಕು: ಪಾರ್ಟಿಷನ್ನನ್ನು ಅದರ ಸಾಲಿನ ಸಂಖ್ಯೆಯಿಂದಲ್ಲದೆ ಯುಯುಐಡಿ ಎಂಬ ಖಾಯಂ ಗುರುತಿನಿಂದ ಹೆಸರಿಸಬೇಕು, ಮತ್ತು ‘ನೋಫೇಲ್’ ಆಯ್ಕೆ ಸೇರಿಸಬೇಕು. ನೋಫೇಲ್ ಇಲ್ಲದಿದ್ದರೆ ವಿಂಡೋಸ್ ನಿದ್ರೆಯಲ್ಲಿದ್ದ ಒಂದು ದಿನ ಲಿನಕ್ಸ್ ಕೂಡ ಏಳದೆ ಕಪ್ಪು ಪರದೆಯಲ್ಲಿ ನಿಂತುಬಿಡಬಹುದು.

ಫೈಲ್ಸ್ ಆ್ಯಪ್‌ನಲ್ಲಿ ಕಾಣುವ ಹಾಡು ವಿಎಲ್‌ಸಿಯಲ್ಲಿ ಕಾಣದಿರುವುದು ಉಬುಂಟು ಬಳಸುವವರ ಇನ್ನೊಂದು ಸಾಮಾನ್ಯ ದೂರು. ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬಂದ ಆ್ಯಪ್‌ಗಳಿಗೆ ಹೊರಗಿನ ಪಾರ್ಟಿಷನ್ ನೋಡಲು ಪ್ರತ್ಯೇಕ ಅನುಮತಿ ಬೇಕು. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ಆರಿಸಿ ಹೊರ ಸಾಧನಗಳನ್ನು ಓದುವ ಅನುಮತಿ ಕೊಟ್ಟರೆ ಸರಿಹೋಗುತ್ತದೆ. ಫ್ಲ್ಯಾಟ್‌ಪ್ಯಾಕ್ ಆ್ಯಪ್‌ಗಳಿಗೆ ಫ್ಲ್ಯಾಟ್‌ಸೀಲ್ ಎಂಬ ಸಾಧನ ಇದೇ ಕೆಲಸ ಮಾಡುತ್ತದೆ.

ಹಳೆಯ ಪಾರ್ಟಿಷನ್ ಮೇಲೆ ಲಿನಕ್ಸ್‌ನಿಂದ ಬರೆಯಬಹುದೇ? ಬರೆಯಬಹುದು; ಆದರೆ ಮೊದಲ ಕೆಲವು ವಾರ ಅದನ್ನು ಓದುವ ಕಪಾಟಾಗಿಯೇ ಇಟ್ಟು, ಬೇಕಾದ ಕಡತವನ್ನು ಲಿನಕ್ಸ್‌ನ ಹೋಮ್ ಫೋಲ್ಡರಿಗೆ ನಕಲಿಸಿಕೊಂಡು ತಿದ್ದುವುದು ಜಾಣತನ. ಬರೆಯುವಾಗ ವಿಂಡೋಸ್ ಒಪ್ಪದ ಚಿಹ್ನೆಗಳು, ಅಂದರೆ ವಿವರಣೆಯ ಎರಡು ಚುಕ್ಕಿ, ಪ್ರಶ್ನಾರ್ಥಕ, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆ ಮುಂತಾದವು, ಕಡತದ ಹೆಸರಿನಲ್ಲಿ ಬರಬಾರದು. ಲಿನಕ್ಸ್‌ಗೆ ಅವು ಲೆಕ್ಕಕ್ಕಿಲ್ಲ, ವಿಂಡೋಸಿನಲ್ಲಿ ಆ ಕಡತ ತೆರೆಯದೆ ಕೂರುತ್ತದೆ. ಲಿನಕ್ಸ್‌ನಲ್ಲಿ ಅಳಿಸಿದ್ದು ಅದೇ ಪಾರ್ಟಿಷನ್ನಿನ ಗುಪ್ತ ‘ಟ್ರ್ಯಾಶ್’ ಫೋಲ್ಡರಿಗೆ ಹೋಗುತ್ತದೆ. ವಿಂಡೋಸಿನ ರೀಸೈಕಲ್ ಬಿನ್ ಅದನ್ನು ಗುರುತಿಸದು. ಹತ್ತಾರು ಜಿಬಿ ಅಳಿಸಿದರೂ ಜಾಗ ಖಾಲಿಯಾಗದಿದ್ದರೆ ಲಿನಕ್ಸ್‌ಗೆ ಬಂದು ಟ್ರ್ಯಾಶ್ ಖಾಲಿ ಮಾಡಬೇಕು.

ಎರಡೂ ಕಡೆಯಿಂದ ದಿನವೂ ಬಳಸುವ ಕಡತಗಳಿಗೆ ಮೂರನೇ ಪಾರ್ಟಿಷನ್ ಮಾಡಿಕೊಳ್ಳುವುದು ನೆಮ್ಮದಿಯ ಏರ್ಪಾಡು. ಅದಕ್ಕೆ ಯಾವ ಫೈಲ್ ಸಿಸ್ಟಂ ಎಂಬ ಪ್ರಶ್ನೆಗೆ ಫ್ಯಾಟ್32 ಉತ್ತರವಲ್ಲ. ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲ ಎಂಬ ಮಿತಿ ಅದಕ್ಕಿದೆ, ಮದುವೆಯ ವಿಡಿಯೋ ಒಂದೇ ಅದನ್ನು ಮೀರುತ್ತದೆ. ಎಕ್ಸ್‌ಫ್ಯಾಟ್‌ನ ವಿವರಗಳನ್ನು ಮೈಕ್ರೋಸಾಫ್ಟ್ 2019ರಲ್ಲಿ ಪ್ರಕಟಿಸಿದ ಮೇಲೆ ಲಿನಕ್ಸ್ ಅದನ್ನು ಸರಾಗವಾಗಿ ಬಳಸುತ್ತಿದೆ, ಆದರೆ ಅದರಲ್ಲಿ ಜರ್ನಲ್ ಇಲ್ಲ. ಬರೆಯುವ ನಡುವೆ ಕರೆಂಟ್ ಹೋದರೆ ಚೇತರಿಸಿಕೊಳ್ಳುವ ಶಕ್ತಿ ಕಡಿಮೆ. ಪೆನ್‌ಡ್ರೈವಿಗೆ ಎಕ್ಸ್‌ಫ್ಯಾಟ್, ಒಳಡಿಸ್ಕಿಗೆ ಎನ್‌ಟಿಎಫ್‌ಎಸ್ ಎಂಬ ಹಂಚಿಕೆ ಸೂಕ್ತ. ಲಿನಕ್ಸ್‌ನ ಹೋಮ್ ಫೋಲ್ಡರನ್ನೇ ಅಲ್ಲಿಗೆ ಸಾಗಿಸುವ ಉತ್ಸಾಹ ಮಾತ್ರ ಬೇಡ. ಲಿನಕ್ಸ್‌ನ ಅನುಮತಿ ವ್ಯವಸ್ಥೆಗೆ ಅದು ಹೊಂದದು.

ಕನ್ನಡದ ಕಡತಗಳ ತೊಡಕು

ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಲಿನಕ್ಸ್‌ನಲ್ಲಿ ಸರಿಯಾಗಿಯೇ ಕಾಣುತ್ತವೆ. ತೊಡಕು ಬರುವುದು ಉದ್ದದ ಹೆಸರುಗಳಲ್ಲಿ. ಎನ್‌ಟಿಎಫ್‌ಎಸ್‌ನಲ್ಲಿ ಹೆಸರು 255 ಸಂಕೇತಗಳಷ್ಟು ಉದ್ದ ಇರಬಹುದು. ಇಎಕ್ಸ್‌ಟಿ4ನಲ್ಲಿಯೂ ಮಿತಿ 255, ಆದರೆ ಅಲ್ಲಿ ಎಣಿಕೆ ಬೈಟುಗಳದ್ದು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಅಂದರೆ ಕನ್ನಡ ಹೆಸರಿಗೆ ಸಿಗುವುದು 85 ಸಂಕೇತ. ಸಂಕೇತವೆಂದರೆ ಅಕ್ಷರವೂ ಅಲ್ಲ. ‘ಕ್ಷೇತ್ರ’ ಎಂಬ ಎರಡು ಅಕ್ಷರದ ಪದದಲ್ಲಿ ಕ, ಹಲಂತ, ಷ, ಏತ್ವ, ತ, ಹಲಂತ, ರ ಎಂದು 7 ಸಂಕೇತಗಳಿವೆ. 21 ಬೈಟ್ ಖರ್ಚಾಯಿತು. ಅಂತರಜಾಲ ಪುಟವನ್ನು ಉಳಿಸಿದಾಗ ಬರುವ ಉದ್ದುದ್ದ ಶೀರ್ಷಿಕೆಯ ಹೆಸರುಗಳು ಈ ಮಿತಿಗೆ ಸುಲಭವಾಗಿ ಸಿಕ್ಕಿಬೀಳುತ್ತವೆ. ವಿಂಡೋಸಿನಲ್ಲಿ ವರ್ಷಗಟ್ಟಲೆ ನೆಮ್ಮದಿಯಿಂದಿದ್ದ ಕಡತ ಲಿನಕ್ಸ್‌ಗೆ ನಕಲಿಸುವಾಗ ‘ಹೆಸರು ತೀರಾ ಉದ್ದ’ ಎಂದು ತಕರಾರು ತೆಗೆಯುವುದು ಇದರಿಂದಲೇ. ಇಂಗ್ಲಿಷ್ ಹೆಸರುಗಳಿಗೆ ಈ ತೊಂದರೆ ಬಾರದ ಕಾರಣ ಸಾಮಾನ್ಯ ಕೈಪಿಡಿಗಳಲ್ಲಿ ಇದರ ಉಲ್ಲೇಖ ಸಿಗುವುದು ಅಪರೂಪ. ಹೆಸರು ಚಿಕ್ಕದು ಮಾಡಿ ನಕಲಿಸುವುದೇ ದಾರಿ.

ಕಡತ ತೆರೆದ ಮೇಲೆ ಕನ್ನಡದ ಬದಲು ರೋಮನ್ ಅಕ್ಷರಗಳ, ತಲೆಯ ಮೇಲೆ ಚಿಹ್ನೆ ಹೊತ್ತ ಯುರೋಪಿನ ಅಕ್ಷರಗಳ ಕಲಸುಮೇಲೋಗರ ಕಂಡರೆ ಕಡತ ಹಾಳಾಗಿಲ್ಲ. ಅದು ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿ ಟೈಪ್ ಮಾಡಿದ್ದು. ಯುನಿಕೋಡ್ ಬಳಕೆಗೆ ಬರುವ ಮುನ್ನ ಈ ಫಾಂಟುಗಳು ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸುತ್ತಿದ್ದವು. ಫಾಂಟ್ ಇಲ್ಲದಿದ್ದರೆ ಒಳಗಿನ ಸಂಕೇತ ಬಯಲಾಗುತ್ತದೆ. ವಿಂಡೋಸ್ ಪಾರ್ಟಿಷನ್ನಿನ ‘ವಿಂಡೋಸ್’ ಫೋಲ್ಡರಿನೊಳಗಿನ ‘ಫಾಂಟ್ಸ್’ನಲ್ಲಿ ಆ ನುಡಿ ಫಾಂಟ್ ಇನ್ನೂ ಇರುತ್ತದೆ. ಅದನ್ನು ನಕಲಿಸಿ, ಎರಡು ಬಾರಿ ಕ್ಲಿಕ್ ಮಾಡಿ, ಇನ್‌ಸ್ಟಾಲ್ ಒತ್ತಿ, ಲಿಬ್ರೆ ಆಫೀಸನ್ನು ಮುಚ್ಚಿ ತೆರೆದರೆ ಪುಟ ಕನ್ನಡಕ್ಕೆ ಮರಳುತ್ತದೆ. ಇದು ಓದುವ ಮಟ್ಟಿನ ಉಪಾಯ. ಹುಡುಕಲು, ತಿದ್ದಲು, ಇಮೇಲಿನಲ್ಲಿ ಕಳಿಸಲು ಆಗಬೇಕೆಂದರೆ ಪರಿವರ್ತಕದ ಮೂಲಕ ಯುನಿಕೋಡಿಗೆ ತರಬೇಕು; ಅರ್ಕಾವತ್ತು, ರೇಫ ಬರುವ ಕಡೆ ಪರಿವರ್ತಕಗಳು ಮುಗ್ಗರಿಸುವುದುಂಟು, ಕರಡು ತಿದ್ದದೆ ಬಿಡುವಂತಿಲ್ಲ.

ಯುನಿಕೋಡಿನಲ್ಲಿರುವ ಕಡತಗಳು ಓದಲು ಸಿಗುತ್ತವೆ, ಪುಟದ ವಿನ್ಯಾಸ ಮಾತ್ರ ಅತ್ತಿತ್ತ ಆಗುತ್ತದೆ. ವಿಂಡೋಸಿನ ತುಂಗಾ ಅಥವಾ ನಿರ್ಮಲಾ ಫಾಂಟ್ ಲಿನಕ್ಸ್‌ನಲ್ಲಿ ಇಲ್ಲದೆ ಅದರ ಜಾಗಕ್ಕೆ ನೋಟೋ ಅಥವಾ ಲೋಹಿತ್ ಬಂದು ಕೂರುವುದೇ ಇದಕ್ಕೆ ಕಾರಣ. ನಾಲ್ಕು ಪುಟದ ಅರ್ಜಿ ಐದು ಪುಟವಾದರೆ ಅಚ್ಚರಿಪಡಬೇಕಿಲ್ಲ. ಕನ್ನಡ ಅಚ್ಚುಮನೆಗಳ ಪೇಜ್‌ಮೇಕರ್ ಕಡತಗಳನ್ನು ಲಿಬ್ರೆ ಆಫೀಸ್ ಡ್ರಾ ಒಂದು ಮಟ್ಟಿಗೆ ತೆರೆಯಬಲ್ಲದು, ಮುದ್ರಣಕ್ಕೆ ಒಪ್ಪುವ ಅಚ್ಚುಕಟ್ಟನ್ನು ಅದರಿಂದ ನಿರೀಕ್ಷಿಸಬಾರದು. ಟ್ಯಾಲಿಯ ಲೆಕ್ಕ ಇನ್ನೂ ಬೇರೆ: ದತ್ತಾಂಶದ ಫೋಲ್ಡರ್ ಕಾಣುತ್ತದೆ, ಬ್ಯಾಕಪ್ ತೆಗೆಯಬಹುದು, ಓದಲು ಟ್ಯಾಲಿಯೇ ಬೇಕು. ವಿಂಡೋಸನ್ನು ಉಳಿಸಿಕೊಂಡದ್ದು ಸಾರ್ಥಕವಾಗುವುದು ಇಂಥ ಕಡೆಗಳಲ್ಲಿ.

ಎದುರು ದಿಕ್ಕಿನಲ್ಲಿ

ಲಿನಕ್ಸ್‌ನಲ್ಲಿ ಮಾಡಿದ ಕಡತವನ್ನು ವಿಂಡೋಸಿನಿಂದ ತೆರೆಯುವುದು ಇಷ್ಟು ಸಲೀಸಲ್ಲ. ವಿಂಡೋಸಿಗೆ ಇಎಕ್ಸ್‌ಟಿ4 ಅರ್ಥವಾಗದು. ಅಂಥ ಹೊರಡಿಸ್ಕ್ ಸಿಕ್ಕಿಸಿದರೆ ‘ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶವನ್ನೂ ತೋರಿಸುತ್ತದೆ. ಅಲ್ಲಿ ಒಪ್ಪಿಗೆ ಒತ್ತಿದವರು ಕಳೆದುಕೊಂಡ ಕಡತಗಳಿಗೆ ಲೆಕ್ಕವಿಲ್ಲ. ಲಿನಕ್ಸ್ ರೀಡರ್‌ನಂಥ, ಓದಲು ಮಾತ್ರ ಬಿಡುವ ತಂತ್ರಾಂಶಗಳು ಸುರಕ್ಷಿತ. ವಿಂಡೋಸ್ 11ರಲ್ಲಿ, ವಿಂಡೋಸಿನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಮೂಲಕ ಲಿನಕ್ಸ್ ಡಿಸ್ಕ್ ಮೌಂಟ್ ಮಾಡುವ ಸೌಲಭ್ಯವಿದೆ. ಆದರೆ ಅದು ಇಡೀ ಡಿಸ್ಕನ್ನು ವಶಕ್ಕೆ ಕೇಳುತ್ತದೆ; ಒಂದೇ ಡಿಸ್ಕಿನಲ್ಲಿ ಎರಡೂ ವ್ಯವಸ್ಥೆ ಇರುವ ಲ್ಯಾಪ್‌ಟಾಪಿನಲ್ಲಿ ನಡೆಯುವುದಿಲ್ಲ. ಅನುಸ್ಥಾಪನೆಯ ವೇಳೆ ಲಿನಕ್ಸ್‌ಗೆ ಎನ್‌ಕ್ರಿಪ್ಷನ್ ಆರಿಸಿದ್ದರೆ ಲಿನಕ್ಸ್ ರೀಡರ್‌ನ ಭರವಸೆಯನ್ನೂ ಬಿಟ್ಟು, ಹಂಚಿಕೆಯ ಮೂರನೇ ಪಾರ್ಟಿಷನ್ನಿಗೆ ಮರಳುವುದೇ ಸರಿ.

ಗಡಿಯಾರದ ಗೊಂದಲವೂ ಇಲ್ಲೇ ಸೇರುತ್ತದೆ. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯವನ್ನು ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಭಾರತದಲ್ಲಿ ಇದರ ಫಲ ಸರಿಯಾಗಿ ಐದೂವರೆ ಗಂಟೆಯ ವ್ಯತ್ಯಾಸ: ಲಿನಕ್ಸ್ ಬಳಸಿ ವಿಂಡೋಸಿಗೆ ಬಂದಾಗ ಗಡಿಯಾರ ಅಷ್ಟು ಹಿಂದೆ ಇರುತ್ತದೆ. ಕಡತ ತಿದ್ದಿದ ವೇಳೆ ತಪ್ಪಾಗಿ ದಾಖಲಾದರೆ, ಸಿಂಕ್ ಮಾಡುವ ತಂತ್ರಾಂಶ ಹಳೆಯದನ್ನೇ ಹೊಸದೆಂದು ತಿಳಿಯಬಹುದು. ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯಿಂದ ಲಿನಕ್ಸ್‌ಗೆ ಸ್ಥಳೀಯ ಸಮಯವನ್ನೇ ಇಡುವಂತೆ ಹೇಳಿದರೆ ಇದು ತೀರುತ್ತದೆ.

ಎರಡನೆಯದಾಗಿ ಹಾಕಿದ್ದು ಲಿನಕ್ಸ್ ಅಲ್ಲ, ಇನ್ನೊಂದು ವಿಂಡೋಸ್ ಎಂದಿಟ್ಟುಕೊಂಡರೆ ಅಡ್ಡಿ ಅನುಮತಿಯದು. ವಿಂಡೋಸ್ ಫೋಲ್ಡರಿನ ಹಕ್ಕನ್ನು ಬಳಕೆದಾರರ ಹೆಸರಿಗಲ್ಲ, ಎಸ್‌ಐಡಿ ಎಂಬ ಗುರುತು ಸಂಖ್ಯೆಗೆ ಬರೆದಿಟ್ಟಿರುತ್ತದೆ. ಹೊಸ ವಿಂಡೋಸಿನಲ್ಲಿ ಹಳೆಯ ಹೆಸರನ್ನೇ ಇಟ್ಟುಕೊಂಡರೂ ಸಂಖ್ಯೆ ಬೇರೆ, ಹಾಗಾಗಿ ‘ಈ ಫೋಲ್ಡರಿಗೆ ಅನುಮತಿ ಇಲ್ಲ’ ಎಂಬ ಉತ್ತರ. ಅಡ್ಮಿನಿಸ್ಟ್ರೇಟರ್ ಖಾತೆಯಿಂದ ‘ಕಂಟಿನ್ಯೂ’ ಒತ್ತಿದರೆ ಸಾಕು, ಕಡತಗಳ ಸಂಖ್ಯೆಗೆ ತಕ್ಕಷ್ಟು ಹೊತ್ತು ತೆಗೆದುಕೊಂಡು ಬಾಗಿಲು ತೆರೆಯುತ್ತದೆ. ಇದನ್ನು ಬಳಕೆದಾರರ ಫೋಲ್ಡರಿಗಷ್ಟೇ ಮಾಡಬೇಕು. ಹಳೆಯ ‘ವಿಂಡೋಸ್’ ಫೋಲ್ಡರಿನ ಒಡೆತನ ಕಸಿದುಕೊಂಡರೆ ಹಳೆಯ ವ್ಯವಸ್ಥೆ ಹದಗೆಡುತ್ತದೆ. ಹಳೆಯ ಪಾರ್ಟಿಷನ್ನಿನ ಮೇಲೆಯೇ, ಫಾರ್ಮ್ಯಾಟ್ ಮಾಡದೆ, ಹೊಸ ವಿಂಡೋಸ್ ಹಾಕಿದ್ದರೆ ಎಲ್ಲವೂ ‘ವಿಂಡೋಸ್ ಓಲ್ಡ್’ ಎಂಬ ಫೋಲ್ಡರಿಗೆ ಹೋಗಿರುತ್ತದೆ. ಅದು ಖಾಯಂ ಅಲ್ಲ. ವಿಂಡೋಸ್ ಅದನ್ನು ತಾನೇ ಅಳಿಸಬಹುದು, ಆದ್ದರಿಂದ ನಕಲು ತಡಮಾಡಬಾರದು. ಹಳೆಯ ವಿಂಡೋಸಿನ ಪ್ರೊಫೆಷನಲ್ ಆವೃತ್ತಿಯಲ್ಲಿ ಇಎಫ್‌ಎಸ್ ಗೂಢಲಿಪಿ ಹಾಕಿದ ಕಡತಗಳು ಮಾತ್ರ ಅದರ ಪ್ರಮಾಣಪತ್ರವಿಲ್ಲದೆ ತೆರೆಯವು.

ನಿಜವಾಗಿಯೂ ಕಾಣೆಯಾದಾಗ

ಬೂಟ್ ಪಟ್ಟಿಯಿಂದ ವಿಂಡೋಸ್ ಮಾಯವಾಗಿದ್ದರೆ ಅದನ್ನು ಕಡತ ಹೋಯಿತೆಂದು ಓದಬಾರದು. ಎರಡನೇ ವ್ಯವಸ್ಥೆಯನ್ನು ಹುಡುಕಿ ಪಟ್ಟಿಗೆ ಸೇರಿಸುವ ಓಎಸ್-ಪ್ರೋಬರ್ ಎಂಬ ಸಾಧನವನ್ನು ಗ್ರಬ್ ಬೂಟ್‌ಲೋಡರ್ ತನ್ನ 2.06 ಆವೃತ್ತಿಯಿಂದ ಚಾಲೂ ಇಲ್ಲದಂತೆ ಇಟ್ಟಿದೆ. ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ಅದನ್ನು ಚಾಲೂ ಮಾಡಿ ಪಟ್ಟಿ ನವೀಕರಿಸಿದರೆ ವಿಂಡೋಸ್ ಮರಳುತ್ತದೆ.

ಡಿಸ್ಕ್ ಅಳಿಸುವ ಆಯ್ಕೆ ಒತ್ತಿದ್ದು ಖಚಿತವಾದರೆ ಆ ಯಂತ್ರವನ್ನು ಕೂಡಲೇ ಆಫ್ ಮಾಡಬೇಕು. ಹೊಸ ವ್ಯವಸ್ಥೆ ನಡೆಯುತ್ತಿರುವಷ್ಟು ಹೊತ್ತೂ ಹಳೆಯ ಕಡತಗಳ ಮೇಲೆ ಹೊಸದು ಬರೆಯುತ್ತಿರುತ್ತದೆ. ಪೆನ್‌ಡ್ರೈವಿನ ಲೈವ್ ಲಿನಕ್ಸ್‌ನಿಂದ ಏಳಿಸಿ, ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಿಂದ ಹಳೆಯ ಪಾರ್ಟಿಷನ್ನಿನ ಗಡಿ ಸಿಗುತ್ತದೆಯೇ ಎಂದು ನೋಡಬಹುದು. ಸಿಗದಿದ್ದರೆ ಅದರ ಜೊತೆಗೇ ಬರುವ ಫೋಟೋರೆಕ್, ಕಡತದ ಹೆಸರು ಫೋಲ್ಡರುಗಳ ಹಂಗಿಲ್ಲದೆ ಚಿತ್ರ, ದಾಖಲೆಗಳ ತುಣುಕನ್ನು ಹೆಕ್ಕುತ್ತದೆ. ಸಾವಿರಾರು ಹೆಸರಿಲ್ಲದ ಕಡತಗಳನ್ನು ವಿಂಗಡಿಸುವ ತಾಳ್ಮೆ ಬೇಕು. ಹೆಕ್ಕಿದ್ದನ್ನು ಬೇರೆ ಡಿಸ್ಕಿಗೇ ಉಳಿಸಬೇಕು, ಅದೇ ಡಿಸ್ಕಿಗಲ್ಲ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಈ ಪ್ರಯತ್ನ ಎಷ್ಟೋ ಸಲ ಫಲ ಕೊಡುತ್ತದೆ. ಎಸ್‌ಎಸ್‌ಡಿಗಳಲ್ಲಿ ಟ್ರಿಮ್ ಎಂಬ ಆಜ್ಞೆ ಖಾಲಿಯೆಂದು ಘೋಷಿಸಿದ ಜಾಗವನ್ನು ಡ್ರೈವ್ ತಾನಾಗಿ ಒರೆಸಿಹಾಕುವುದರಿಂದ ಸಿಗುವ ಸಂಭವ ತೀರಾ ಕಡಿಮೆ. ಬಿಟ್‌ಲಾಕರ್ ಇದ್ದ ಪಾರ್ಟಿಷನ್ ಅಳಿದಿದ್ದರೆ, ಫೋಟೋರೆಕ್‌ಗೆ ಸಿಗುವುದು ಗೂಢಲಿಪಿಯ ಅರ್ಥವಿಲ್ಲದ ಬೈಟುಗಳು ಮಾತ್ರ.